ಬೆನ್ನು ಮುಟ್ಟಿ ‘ಖೋ’ ಅನ್ನಬೇಕು

ಇಟ್ಟಮಡುವಿನ ಆ ಶಾಲೆಗೆ ನಾನು ಪಿ.ಟಿ. ಟೀಚರಾಗಿ ಸೇರಿದಾಗ ಅಲ್ಲಿ ಮೈದಾನವೇ ಇರಲಿಲ್ಲ. ಜಯನಗರದ ನಿವೃತ್ತ ಶಿಕ್ಷಕಿಯೊಬ್ಬರು ಬಾಡಿಗೆ ಮನೆಯ ಎರಡು ಕೋಣೆಗಳಲ್ಲಿ ಶುರುಮಾಡಿದ ಶಾಲೆ ಅದು. ಅವರೇ ಹೆಡ್ ಮೇಡಂ. ವರ್ಷಕ್ಕೊಂದು ತರಗತಿ ಸೇರಿ ಹತ್ತನೆಯವರೆಗೆ ಬೆಳೆದಿತ್ತು. ಕಟ್ಟಡ ಮೇಲಕ್ಕೆ ಎದ್ದಿತ್ತೇ ಹೊರತು ಪಕ್ಕಕ್ಕೆ ಒಂದಡಿಯೂ ಹರಡಿರಲಿಲ್ಲ. ಮಕ್ಕಳಿಗೆ ಆಟವೆಂದರೆ ಟೆರೇಸಿನಲ್ಲಿ ಕೇರಂ, ಚೆಸ್.

ಶಾಲೆಯ ಹಿಂದೆ ಖಾಲಿ ಜಾಗವೊಂದಿತ್ತು. ಒಂದು ಕಾಲದ ರಾಗಿ ಹೊಲ. ಈಗ ಅದರ ಯಜಮಾನರು ಅಲ್ಲಿ ಎರಡು ಹಸು ಮೇಯಿಸುತ್ತಿದ್ದರು. ಧೈರ್ಯ ಮಾಡಿ ಹೋಗಿ ಕೇಳಿದೆ.

“ಹುಡುಗ್ರು ಹುಡ್ಗೀರು ಒಟ್ಟಿಗೇ ಆಡ್ತಾರಾ ಮೇಡಂ?”

“ಹೌದು ಸಾರ್. ಬೇಡ ಅಂದ್ರೆ ಬೇರೆ ಬೇರೆ ಹೊತ್ತಲ್ಲಿ...”

“ಯಾಕೆ ಬೇಡ? ಇದೇ ಹೊಲ್ದಲ್ಲಿ ನಾವೆಲ್ಲ ಒಟ್ಟಿಗೇ ಕಳೆ ಕೀಳ್ಲಿಲ್ವಾ? ಬೆಳಿಗ್ಗೆ ಹಸು ಬಿಡೋ ಮುಂಚೆ ಆಡ್ಕೊಳ್ಳಿ.”

ಮರುದಿನ ಅವರೇ ಹಾರೆ ಹಿಡಿದು ಬಂದು ಕಲ್ಲು ಕಿತ್ತರು. ಎರಡು ನೀಲಗಿರಿ ಕಂಬ ನೆಟ್ಟು ಖೋ-ಖೋ ಆರಂಭಿಸಿದೆವು.

ತೊಂದರೆ ಬಂದದ್ದು ಮಕ್ಕಳಿಂದಲೇ. ಎದುರಾಳಿಯನ್ನು ಅಟ್ಟಿಸಿಕೊಂಡು ಹೋಗುವವರು, ಸಾಲಿನಲ್ಲಿ ಕೂತ ಜೊತೆಗಾರರ ಬೆನ್ನು ಮುಟ್ಟಿ ‘ಖೋ’ ಅನ್ನಬೇಕು. ಆಗ ಅವರು ಎದ್ದು ಓಡಬೇಕು. ನಮ್ಮ ಒಂಬತ್ತನೇ ತರಗತಿಯ ಹುಡುಗಿಯರು ಹುಡುಗರ ಬೆನ್ನ ಹಿಂದೆ ಬಂದು ನಿಂತೇಬಿಡುತ್ತಿದ್ದರು. ಹುಡುಗರೂ ಅಷ್ಟೇ, ಗಾಳಿಯಲ್ಲಿ ಕೈಯಾಡಿಸಿ ‘ಖೋ’ ಎಂದು ಪಿಸುಗುಡುತ್ತಿದ್ದರು. ಎರಡು ವಾರ ಆಟವೇ ಸಾಗಲಿಲ್ಲ. ಇನ್ನು ಕೇರಮ್ಮೇ ಗತಿ ಅಂದುಕೊಂಡೆ.

ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿಯೊಬ್ಬಳಿದ್ದಳು. ಒಂದು ಬೆಳಿಗ್ಗೆ ಎದುರಾಳಿ ಕೈತಪ್ಪುವುದರಲ್ಲಿದ್ದಾಗ ಅವಳು ನುಗ್ಗಿ ಬಂದು, ಕೂತಿದ್ದ ಹುಡುಗನ ಬೆನ್ನಿಗೆ ಫಟ್ಟನೆ ಹೊಡೆದು “ಖೋ!” ಎಂದು ಕಿರುಚಿದಳು. ಅವನು ಮುಗ್ಗರಿಸಿಬಿದ್ದ.

“ಏನೇ ಇದು? ಬೆನ್ನಾ, ಮೃದಂಗಾನಾ?” ಅಂದ ಅವನು, ಮಣ್ಣು ಒರೆಸಿಕೊಳ್ಳುತ್ತ.

“ಮಾತಾಡ್ಬೇಡ, ಓಡೋ!”

ನಗು ಎದ್ದಿತು. ಆಮೇಲೆ ಯಾರೂ ಸಂಕೋಚಪಡಲಿಲ್ಲ.

ತಿಂಗಳೊಳಗೆ ಅವಳ ತಂದೆ ಶಾಲೆಗೆ ಬಂದರು. “ಹುಡುಗ್ರ ಜೊತೆ ಆಟ ಎಲ್ಲ ಬೇಡ. ನಾಳೆಯಿಂದ ಕಳಿಸಲ್ಲ.”

ಹೆಡ್ ಮೇಡಂ ವಾದಕ್ಕಿಳಿಯಲಿಲ್ಲ. “ಹತ್ತು ನಿಮಿಷ ನೋಡಿ ಸಾರ್. ಆಮೇಲೂ ಬೇಡ ಅನ್ಸಿದ್ರೆ ಕರ್ಕೊಂಡು ಹೋಗಿ” ಎಂದು ಮೈದಾನಕ್ಕೆ ಕರೆತಂದರು. ತಂದೆ ಕೈಕಟ್ಟಿ ನಿಂತರು. ಮಗಳು ಮೂವರು ಹುಡುಗರನ್ನು ತಪ್ಪಿಸಿ, ಕಂಬ ಹಿಡಿದು ಗಿರಕ್ಕನೆ ತಿರುಗಿ, ನಗುತ್ತ ಓಡಿದಳು. ಕಟ್ಟಿದ್ದ ಕೈಗಳು ಮೆಲ್ಲಗೆ ಸಡಿಲಾದವು.

“ಮನೇಲಿ ಇವ್ಳು ಜೋರಾಗಿ ನಕ್ಕಿದ್ದೇ ನೋಡಿಲ್ಲ ಮೇಡಂ” ಅಂದರು. ಮರುದಿನದಿಂದ ಸ್ಕೂಟರಿನಲ್ಲಿ ಅವರೇ ತಂದು ಬಿಡತೊಡಗಿದರು.

ಆ ವರ್ಷ ವಲಯ ಮಟ್ಟದ ಪಂದ್ಯಕ್ಕೆ ನಮ್ಮ ಹುಡುಗಿಯರ ತಂಡ ಹೋಯಿತು. ಹುಡುಗರ ಓಟಕ್ಕೆ ಪಳಗಿದ್ದವರು ಎರಡು ಸುತ್ತು ಗೆದ್ದು, ಮೂರನೆಯದರಲ್ಲಿ ಒಂದೇ ಅಂಕದಿಂದ ಸೋತರು. ಮುಂದಿನ ವರ್ಷ ಫೈನಲ್ಲೂ ಗೆದ್ದರು ಅನ್ನಿ. ಆದರೂ ನನಗೆ ಹೆಚ್ಚು ನೆನಪಾಗುವುದು ಸೋತು ಮರಳಿದ ಆ ಬಸ್ ಪ್ರಯಾಣ. ಬನಶಂಕರಿ ಬರುವವರೆಗೂ ಎಲ್ಲರೂ ಅತ್ತರು. ಆಮೇಲೆ, ಒಮ್ಮೆ ಬಾಯಿಯೇ ಬಿಡದಿದ್ದ ಆ ಹುಡುಗಿ ಮೂಗು ಒರೆಸಿಕೊಂಡು ಕೇಳಿದಳು:

“ಮೇಡಂ, ನಾಳೆ ಪ್ರಾಕ್ಟೀಸ್ ಇದೆ ತಾನೇ?”

“ನಾಳೆ ಭಾನುವಾರ ಕಣೇ.”

“ಅದಕ್ಕೇ ಕೇಳಿದ್ದು. ಕ್ಲಾಸಿಲ್ಲ, ಜಾಸ್ತಿ ಹೊತ್ತು ಆಡ್ಬಹುದು.”