ಗೂಡಿನೊಳಗಿನ ಹುಳ

ನಾಲ್ಕು ವರ್ಷದ ಹಿಂದೆ, ಒಂದು ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಶಾಲೆಯ ಏಳನೇ ತರಗತಿಯಲ್ಲಿ ನಾನು ಮೂರನೇ ಬೆಂಚಿನ ಪಕ್ಕ ನಿಂತಿದ್ದೆ. ಪಾಠಕ್ಕೆ ಮೊದಲು ಮಕ್ಕಳ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯಲು ಒಂದು ರೇಷ್ಮೆಗೂಡು ತೋರಿಸಿ, ಒಳಗಿನ ಹುಳಕ್ಕೆ ಜೀವ ಇದೆಯೇ ಎಂಬ ಪ್ರಶ್ನೆಗೆ ಉತ್ತರ ಬರೆಸಿದ್ದೆ. ಬೇರೆ ಬೇರೆ ಬೆಂಚಿನ ಮೂವರು ಹುಡುಗಿಯರು ಒಂದೇ ವಾಕ್ಯ ಬರೆದಿದ್ದರು: ‘ಗೂಡು ಕಟ್ಟಿದ ಮೇಲೆ ಹುಳ ಸತ್ತಿರುತ್ತದೆ.’ ನಕಲು ಮಾಡಿದ್ದಾರೆಂದೇ ಅನುಮಾನಪಟ್ಟೆ.

“ಯಾರದ್ದು ನೋಡ್ಕೊಂಡು ಬರೆದೆ?” ಎಂದು ಅವರಲ್ಲೊಬ್ಬಳಾದ ರುಬೀನಾಳನ್ನು ಗದರಿದೆ.

“ಯಾರ್ದೂ ಇಲ್ಲ ಸಾರ್. ಅಮ್ಮೀನೇ ಹೇಳಿದ್ದು. ಜೀವ ಇದ್ದಿದ್ರೆ ಕುದಿಯೋ ನೀರಿಗೆ ಹಾಕ್ತಿದ್ರಾ?”

ಆಗ ಹೊಳೆಯಿತು. ಮೂವರ ತಾಯಂದಿರೂ ಗೂಡು ಬೇಯಿಸಿ ನೂಲು ತೆಗೆಯುವವರು.

ಗೂಡನ್ನು ಅವಳ ಕಿವಿಯ ಹತ್ತಿರ ಹಿಡಿದೆ; ಒಳಗೆ ಏನೋ ಮಿಸುಕಿದ ಸದ್ದಾಯಿತು. “ನೀವೇ ಅಲ್ಲಾಡಿಸ್ತಿದೀರ,” ಎಂದಳು. ಬ್ಲೇಡಿನಿಂದ ಗೂಡು ಸೀಳಿ, ಕಂದು ಬಣ್ಣದ ಹುಳವನ್ನು ಮೇಜಿನ ಮೇಲಿಟ್ಟು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಅದರ ಬಾಲ ಮಿಸುಕಿತು. ಎರಡು ಸಲ.

ರುಬೀನಾ ತುಂಬ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, “ಅಮ್ಮಿಗೆ ಹೇಳ್ಬೇಡಿ ಸಾರ್,” ಎಂದಳು.

ನಾನು ಹೇಳಲಿಲ್ಲ. ಆ ಪ್ರಶ್ನೆಯನ್ನು ಮತ್ತೆ ಯಾವ ತರಗತಿಯಲ್ಲೂ ಕೇಳಲಿಲ್ಲ. ಬಾಗಿಲಲ್ಲಿ ನಿಂತು ಇದನ್ನೆಲ್ಲ ಕಂಡ ಗಣಿತದ ಮೇಡಂ ಈಗ ನಿವೃತ್ತರಾಗಿ ಮುಳಬಾಗಿಲಿನಲ್ಲಿದ್ದಾರೆ. ಹುಳಕ್ಕೆ ಜೀವ ಇರುವುದು ರುಬೀನಾಳ ತಾಯಿಗೆ ಮೊದಲೇ ಗೊತ್ತಿತ್ತೆಂಬ ಅನುಮಾನ ನನ್ನಂತೆ ಅವರಿಗೂ ಇದೆ.