ಎಂಟನೆಯ ಮಾತು

ಸಾಬಮ್ಮ ಜಗಳಗಂಟಿಯಲ್ಲ. ಚೌಡಾಪುರದಾಚೆಯ ಆ ಹಳ್ಳಿಯಲ್ಲಿ ಹಾಗೆ ಅನ್ನಿಸಿಕೊಳ್ಳುವುದು ಸಣ್ಣ ಸಾಧನೆಯಲ್ಲ. ಅಲ್ಲಿ ಕೋಳಿಗಳಿಗೂ ಹಳೆಯ ವೈರಗಳಿದ್ದವು. ಕೂಲಿಗೆ ಹೋಗುವಳು, ರೊಟ್ಟಿ ಬಡಿಯುವಳು, ಆದಿತ್ಯವಾರ ತಗಡಿನ ಪ್ರಾರ್ಥನೆ ಮನೆಯಲ್ಲಿ ಗೋಡೆಗಾತು ಕೂತು, ಉಪದೇಶ ಮುಗಿಯುವುದರೊಳಗೆ ಒಂದು ಒಳ್ಳೆಯ ನಿದ್ದೆ ತೆಗೆಯುವಳು. ಬದುವಿನ ಜಗಳದಲ್ಲಿ ರೇವಣಪ್ಪ ಅವಳ ಗಂಡ ಲಕ್ಕಪ್ಪನನ್ನು ಕಡಿದು ಹಾಕಿದ ಮೇಲೆ ಆ ನಿದ್ದೆ ಹೋಯಿತು.

ಮೈದುನ ಭೀಮಶಾ ಅಂದಿನಿಂದ ತಲೆಗೆ ರುಮಾಲು ಸುತ್ತಲಿಲ್ಲ. ಸೇಡು ತೀರುವತನಕ ಬರಿದಲೆ. ಅದು ಅವರ ಮನೆತನದ ರಿವಾಜು. ಅವನೂ ಕ್ರೈಸ್ತನೇ, ಕ್ರಿಸ್ಮಸ್ಸಿನ ಹೋಳಿಗೆಯ ಮಟ್ಟಿಗೆ.

ಎಂಬತ್ತಾರರ ಬೇಸಿಗೆಯಲ್ಲಿ ರೇವಣಪ್ಪ ಜೈಲಿನಿಂದ ಬಿಡುಗಡೆಯಾಗಿ ಬಂದ. ಅವನು ಬಸ್ಸಿಳಿದದ್ದನ್ನು ಕಂಡು ಚಹದಂಗಡಿಯ ಚಮನಸಾಬ ಒಲೆ ಆರಿಸಿ ಬಾಗಿಲು ಎಳೆದ. ಊರಿಗೆ ಅಷ್ಟೇ ಸಾಕಾಯಿತು. ಚಮನಸಾಬ ಮಗಳ ಮದುವೆಗೂ ಅಂಗಡಿ ಮುಚ್ಚಿದವನಲ್ಲ.

ಗುರುವಾರ ಸಂಜೆ ಭೀಮಶಾ ಸಾಬಮ್ಮನ ಅಂಗಳದಲ್ಲಿ ಕೊಡಲಿ ಮಸೆಯುತ್ತ ಕೂತ.

"ಕಟಗಿ ಇನ್ನಾ ಅದಾವಲ್ಲೋ," ಎಂದಳು.

"ಕಟಗೀಗಲ್ಲ ವೈನಿ."

"ಜೈಲಿನ್ಯಾಗ ಅವನೂ ಪ್ರಾರ್ಥನಾ ಹಿಡದಾನಂತ. ನಾಳಿ ಗುಡಿಗಿ ಬರ್ತಾನಂತ."

"ಬರಲಿ. ದೇವರ ಮನ್ಯಾಗ ನಾ ಮುಟ್ಟಂಗಿಲ್ಲ. ಮುಗದ ಮ್ಯಾಲ ಹೊರಗ ಬರ್ತಾನಲ್ಲ."

ಸಾಬಮ್ಮ ಬೇಡ ಎನ್ನಲಿಲ್ಲ. ರೊಟ್ಟಿ ತಿರುವಿ ಹಾಕಿದಳು.

ಶುಭ ಶುಕ್ರವಾರ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳಿಗೂ ಒಂದೊಂದು ಉಪದೇಶ. ಏಳೂ ಮುಗಿಯುವತನಕ ಯಾರೂ ಏಳುವಂತಿಲ್ಲ. ರೇವಣಪ್ಪ ಬಂದು ಬಾಗಿಲ ಬಳಿ ಕೂತ. ಜನ ಸರಿದು ಸರಿದು ಪಾದ್ರಿಯ ಕಾಲಮೇಲೇ ಕೂರುವ ಹಾಗಾಯಿತು. ಹೊರಗೆ ಬೇವಿನ ಮರದಡಿ ಭೀಮಶಾ ಕಂಬಳಿ ಹೊದ್ದು ನಿಂತಿದ್ದ. ಅಂಥ ಬಿಸಿಲಲ್ಲಿ ಕಂಬಳಿ ಹೊದ್ದವನಿಗೆ ಚಳಿಜ್ವರವಾದರೂ ಇರಬೇಕು. ಭೀಮಶಾನಿಗೆ ಜ್ವರ ಇರಲಿಲ್ಲ.

ಪಾದ್ರಿ ಸಾಮುವೇಲಪ್ಪ ಎಂದೂ ಬೇಗ ಮುಗಿಸಿದವರಲ್ಲ. ಬೇಗ ಮುಗಿಯಲಿ ಎಂದು ವಾರವಾರವೂ ಮನಸ್ಸಿನಲ್ಲೇ ಬೇಡುತ್ತಿದ್ದ ಸಭೆ, ಅಂದು ಮುಗಿಯದಿರಲಿ ಎಂದು ಬೇಡಿತು. ಮೊದಲನೆಯ ಮಾತು, ಮೊಳೆ ಹೊಡೆದವರನ್ನು ಕ್ಷಮಿಸೆಂದು ತಂದೆಯಲ್ಲಿ ಕೇಳಿದ್ದು. ತಾವೇನು ಮಾಡುತ್ತಿದ್ದೇವೆಂದು ಅವರಿಗೆ ಗೊತ್ತಿಲ್ಲವಂತೆ. ರೇವಣಪ್ಪನಿಗೆ ತಿಳಿದಿತ್ತು, ಸಾಬಮ್ಮ ಅಂದುಕೊಂಡಳು. ಕೊಡಲಿಯನ್ನು ಎರಡು ಸಲ ಎತ್ತಿದ್ದ. ಪಾದ್ರಿ ಮುಂದುವರಿಸಿದರು: ಇಳಿದು ಬಾ ನೋಡೋಣ ಎಂದು ಜನ ಹಂಗಿಸಿದರು, ಆತ ಇಳಿಯಲಿಲ್ಲ. ಕೆಲವರು ಸುಮ್ಮನೆ ನೋಡುತ್ತ ನಿಂತಿದ್ದರು. ಆತ ಸತ್ತದ್ದು ಅವರಿಗಾಗಿಯೂ ಹೌದು.

ಸಾಬಮ್ಮನಿಗೆ ಕಲ್ಲಿನ ಮೇಲೆ ಕೊಡಲಿ ಉಜ್ಜುವ ಸದ್ದು ಮತ್ತೆ ಕೇಳಿಸಿತು. ಕ್ಷಮೆ ಬೇಕಾದವನು ರೇವಣಪ್ಪನೊಬ್ಬನೇ ಎಂದುಕೊಂಡಿದ್ದಳು.

ಏಳೂ ಮುಗಿದವು. ಯಾರೂ ಅಲುಗಲಿಲ್ಲ. ಸಾಮುವೇಲಪ್ಪ ಬೆವರು ಒರೆಸಿಕೊಂಡು ಬೇವಿನ ಮರದ ಕಡೆ ನೋಡಿ, "ಇನ್ನು ಎಂಟನೆಯ ಮಾತು..." ಎಂದರು.

"ಏಳೇ ಅದಾವ್ರಿ ಅಯ್ನೋರ," ಎಂದಳು ಸಾಬಮ್ಮ.

"ನನಗೂ ಗೊತ್ತದ ಯವ್ವಾ. ಕುಂದ್ರು."

ಅವಳು ಎದ್ದು ಬಾಗಿಲ ಬಳಿ ಬಂದಳು. "ಏಳು, ಮನಿಗಿ ನಡಿ."

ರೇವಣಪ್ಪ ತಲೆ ಎತ್ತಲಿಲ್ಲ. "ಕ್ಷಮಾ ಮಾಡೀಯೇನು ಯವ್ವಾ?"

"ಅದಿನ್ನಾ ಬಂದಿಲ್ಲ. ಮೊದಲ ಹೊರಗ ಹೋಗೂಣು."

ಅಂಗಳಕ್ಕಿಳಿದು, "ನೀ ಮುಂದ ನಡಿ, ಹೊಳ್ಳಿ ನೋಡಬ್ಯಾಡ," ಎಂದು ಅವನ ಬೆನ್ನ ಹಿಂದೆಯೇ ಹೊರಟಳು. ಭೀಮಶಾ ಅಡ್ಡ ಬಂದ.

"ಆಕಡಿ ಸರಿ ವೈನಿ."

"ನಿನ್ನಿ ಬ್ಯಾಡ ಅನ್ನಲಿಲ್ಲ. ನಂದೂ ತಪ್ಪಾತು. ಈಗ ಅನ್ನಾಕತ್ತೇನಿ."

"ಸತ್ತಂವ ನನ್ನ ಅಣ್ಣ."

"ನನಗ ಅಂವ ಏನ ಆಗಬೇಕಿತ್ತು?"

ಭೀಮಶಾ ಸರಿದ, ಆದರೆ ಹಿಂದೆಯೇ ಬಂದ. ಓಣಿಯುದ್ದಕ್ಕೂ ಬಾಗಿಲುಗಳು ಮುಚ್ಚಿಕೊಂಡವು. ನಮ್ಮ ಜನ ಇಂಥದ್ದನ್ನೆಲ್ಲ ಸಂದಿಯಿಂದ ನೋಡುವವರು. ರೇವಣಪ್ಪ ಮನೆ ಮುಟ್ಟಿ ಒಳಗಿನಿಂದ ಅಗಳಿ ಹಾಕಿದ. ಸಾಬಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಕಟ್ಟೆಯ ಮೇಲೆ ಕೂತಳು.

"ಎಷ್ಟ ದಿನ ಕುಂದರ್ತಿ?" ಭೀಮಶಾ ಕೇಳಿದ.

"ನೀ ಎಷ್ಟ ದಿನ ನಿಂದರ್ತಿ?"

ಅವನು ಎದುರು ಕಟ್ಟೆಯ ಮೇಲೆ ಕೂತ. ಬಿಸಿಲು ಇಳಿಯಿತು. ಇಬ್ಬರೂ ಏಳಲಿಲ್ಲ.