ಚುಕ್ಕಿ ಗೆರೆಯ ಹಳ್ಳ

ಮೊನ್ನೆ ಮಂಗಳವಾರ ಅಂಗಡಿ ತೆರೆದು, ಕಸ ಗುಡಿಸಿ, ಜೆರಾಕ್ಸ್ ಮಿಷನ್ ಬಿಸಿಯಾಗಲಿ ಎಂದು ಕಾಯುತ್ತಿದ್ದೆ. ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿಯೊಬ್ಬಳು ಬಂದು ಕೌಂಟರಿನ ಮೇಲೆ ಒಂದು ಹಳೆಯ ನಕಾಶೆ ಬಿಡಿಸಿದಳು. ಹಿಂದೆ ಬಟ್ಟೆ ಅಂಟಿಸಿದ್ದ, ಮಡಿಕೆಗಳಲ್ಲಿ ಕಂದು ತಿರುಗಿದ್ದ ಊರಿನ ನಕಾಶೆ. ಬಿಡಿಸಿದ್ದೇ ತಡ, ಒಂದು ಘಾಟು ಮೂಗಿಗೆ ಹೊಡೆದು ಸೀನು ಬಂತು. ಒಂದಲ್ಲ, ಮೂರು. ನಶ್ಯ. ಅದರ ಒಡೆಯರು ಹೋಗಿ ಮೂರು ವರ್ಷವಾದರೂ ಮಡಿಕೆಗಳ ಸಂದಿಯಲ್ಲಿ ಇನ್ನೂ ಕೂತಿತ್ತು.

"ಧೂಳು ಅನ್ಸುತ್ತೆ ಆಂಟಿ" ಎಂದಳು ಆ ಹುಡುಗಿ. ಧೂಳಂತೆ. ನಾನು ಸೆರಗಿನಿಂದ ಮೂಗು ಒರೆಸಿಕೊಂಡೆ.

ಹೊಸದುರ್ಗದ ತಾಲ್ಲೂಕು ಕಚೇರಿಯ ಎದುರಿಗೆ ನಾನು ಟೈಪಿಂಗ್ ಅಂಗಡಿ ಇಟ್ಟು ಮೂವತ್ತು ವರ್ಷವಾಯಿತು. ಮೊದಲು ಬೆರಳಚ್ಚು ಯಂತ್ರ, ಆಮೇಲೆ ಜೆರಾಕ್ಸ್, ಈಗ ಕಂಪ್ಯೂಟರ್. ಅಂಗಡಿ ಮುಂದಿನ ಬೆಂಚು ಮಾತ್ರ ಅದೇ. ಅದರ ಎಡತುದಿಯಲ್ಲಿ ದಿನಾ ಬೆಳಿಗ್ಗೆ ಹತ್ತಕ್ಕೆ ಬಂದು ಕೂರುತ್ತಿದ್ದವರು ಸರ್ವೆ ಸಾಹೇಬ್ರು. ಭೂಮಾಪನದ ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ಬಿಳಿ ಪಂಚೆ, ಕಂದು ಸ್ವೆಟರು, ಕಂಕುಳಲ್ಲಿ ಕೊಡೆ. ನನ್ನ ಪೇಪರನ್ನು ನನಗಿಂತ ಮೊದಲು ಓದುವುದು, ಡಬ್ಬಿ ತೆಗೆದು ಒಂದು ಚಿಟಿಕೆ ನಶ್ಯ ಏರಿಸುವುದು, ಅದರ ಘಾಟಿಗೆ ಒಳಗೆ ಕೂತ ನಾನು ಸೀನುವುದು. ಸೀನಿದಾಗಲೆಲ್ಲ ಅವರು ಪೇಪರಿನಿಂದ ತಲೆ ಎತ್ತದೆ, "ನೂರು ವರ್ಷ" ಅನ್ನುತ್ತಿದ್ದರು, ಎಳೆಮಕ್ಕಳು ಸೀನಿದರೆ ಹೇಳುತ್ತಾರಲ್ಲ, ಹಾಗೆ. "ನಿಮ್ಮ ನಶ್ಯಕ್ಕೆ ನಾನು ನೂರಲ್ಲ, ಐವತ್ತೂ ಮುಟ್ಟಲ್ಲ ಸಾಹೇಬ್ರೆ" ಎಂದು ನಾನು ಬೈಯುತ್ತಿದ್ದೆ. ನಗುತ್ತಿದ್ದರು, ಡಬ್ಬಿ ಮಾತ್ರ ಬಿಡಲಿಲ್ಲ.

ತಾಲ್ಲೂಕಿನಲ್ಲಿ ಅವರ ಮಾತಿಗೆ ಇದ್ದ ತೂಕ ದೊಡ್ಡ ದೊಡ್ಡವರ ಮಾತಿಗೂ ಇರಲಿಲ್ಲ. ಬದುವಿನ ಜಗಳಕ್ಕೆ ಅಣ್ಣತಮ್ಮಂದಿರು ಕುಡುಗೋಲು ಹಿಡಿದು ನಿಂತರೂ, ಯಾರಾದರೂ ಒಬ್ಬರು "ಆ ಕಲ್ಲು ಸಾಹೇಬ್ರು ನೆಡ್ಸಿದ್ದು ಕಣಪ್ಪ" ಅಂದರೆ ಮುಗಿಯಿತು, ಇಬ್ಬರೂ ಹಿಂದೆ ಸರಿಯುತ್ತಿದ್ದರು. ಅದೊಂದು ಹೆಮ್ಮೆ ಅವರಿಗಿತ್ತು. "ನನ್ ಅಳತೆ ಸರಪಳಿ ಸುಳ್ಳು ಹೇಳಂಗಿಲ್ಲ ತಂಗಿ" ಎಂದು ವಾರಕ್ಕೊಂದು ಸಲವಾದರೂ ಹೇಳದಿದ್ದರೆ ಉಂಡ ಅನ್ನ ಅರಗುತ್ತಿರಲಿಲ್ಲ.

ಆ ಕಾಲಕ್ಕೆ ನಮ್ಮ ಕಡೆ ನೀರಿಗಾಗಿ ಓಡಾಡುವ ಸಂಘಗಳು ನಾಲ್ಕಿದ್ದವು. ನಮ್ಮೂರ ಹುಡುಗರಿಗೆ ವೇದಾವತಿಯ ಮರಳಿನ ಚಿಂತೆ, ಹೊಳಲ್ಕೆರೆಯವರಿಗೆ ಕೆರೆಗೆ ನೀರು ತರುವ ಕಾಲುವೆಗಳ ಚಿಂತೆ. ಚಿತ್ರದುರ್ಗದ ಮೇಷ್ಟ್ರುಗಳು ಕಂಡ ಕಂಡ ಹಳ್ಳದ ನೀರನ್ನು ಬಾಟಲಿಯಲ್ಲಿ ಹಿಡಿದು ಪರೀಕ್ಷೆ ಮಾಡುವವರು. ಹಿರಿಯೂರಿನವರಿಗೆ ಮಾರಿಕಣಿವೆ ಅಣೆಕಟ್ಟಿಗೆ ಎಷ್ಟು ನೀರು ಬಂತು ಅನ್ನುವುದೇ ಊಟ, ಅದೇ ನಿದ್ದೆ. ಹೊಳೆಗೆ ನೀರು ತರುವ ಮೇಲಿನ ಹಳ್ಳಗಳು ನಮ್ಮ ತಾಲ್ಲೂಕಿನಲ್ಲಿ ಇರುವುದರಿಂದ ಎಲ್ಲರ ಅರ್ಜಿಯೂ ನನ್ನ ಅಂಗಡಿಯಲ್ಲಿ ಟೈಪಾಗುತ್ತಿತ್ತು. ಆದರೆ ಒಬ್ಬರ ಮುಖ ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಹಿರಿಯೂರಿನ ಸಂಘದಲ್ಲೊಬ್ಬರು ತೆಂಗಿನ ತೋಟದ ಗೌಡರಿದ್ದರು, ಗಟ್ಟಿ ಗಂಟಲಿನವರು. "ಮೇಲಿನೋರು ಹೆಜ್ಜೆಗೊಂದು ಒಡ್ಡು ಕಟ್ಕಂಡು ಕುಂತವ್ರೆ, ನಮಗೆ ಬರೀ ಮರಳು ಬರ್ತೈತೆ" ಎಂದು ಅವರು ಬೆಂಚಿನಿಂದ ಕೂಗಿದರೆ, ನಮ್ಮ ಹುಡುಗರು, "ಈಗ ಆ ಮರಳೂ ಬರಲ್ಲ ಬಿಡ್ರಿ ಗೌಡ್ರೆ, ಲಾರಿಯಾಗೆ ಹೋಗೈತೆ" ಅನ್ನುತ್ತಿದ್ದರು.

ಒಂದು ದಿನ ನನಗೆ ರೇಗಿಹೋಯಿತು. "ನಾಲ್ಕು ಅರ್ಜಿ ಬಡಿದು ಬಡಿದು ನನ್ನ ಬೆರಳು ಸವೆದೋದ್ವು. ಮೇಲಿನ ಹೆಸರು ತೆಗೆದ್ರೆ ಒಳಗೆ ಇರೋದೆಲ್ಲ ಒಂದೇ. ಒಂದೇ ಅರ್ಜಿ ಬರೀರಿ, ನಾಲ್ಕು ಸೀಲು ಒತ್ರಿ" ಎಂದೆ. ಗೌಡರು ನನ್ನ ಮುಖ ನೋಡಿದರು, ಹುಡುಗರು ಗೌಡರ ಮುಖ ನೋಡಿದರು. ಟೀ ತರಿಸಿದೆ. ಎರಡನೇ ಟೀ ಮುಗಿಯುವಾಗ, ಮೊದಲು ಒಂದು ಹಳ್ಳ ಉಳಿಸೋಣ, ಉಳಿದದ್ದು ಆಮೇಲೆ ಎಂಬ ಮಾತಿಗೆ ಎಲ್ಲರೂ ಒಪ್ಪಿದ್ದರು.

ಆ ಹಳ್ಳ ನಮ್ಮ ತಾಲ್ಲೂಕಿನ ಒಂದು ಊರಿನದು. ಗುಡ್ಡದಿಂದ ಇಳಿದು, ಊರ ಕೆರೆ ತುಂಬಿಸಿ, ಮುಂದೆ ವೇದಾವತಿ ಸೇರುವಂಥದ್ದು. ಪಕ್ಕದಲ್ಲಿ ನಿವೇಶನ ಮಾಡುತ್ತಿದ್ದವರು ಅದಕ್ಕೆ ಮಣ್ಣು ತುಂಬಿ ಡಾಂಬರು ರಸ್ತೆ ಮಾಡುವವರಿದ್ದರು. ಅವರನ್ನು ಬೈದು ಪ್ರಯೋಜನ ಇರಲಿಲ್ಲ. ಕಾಗದದಲ್ಲಿ ಅದು ಹಳ್ಳವೇ ಅಲ್ಲ. ನಕಾಶೆಯಲ್ಲಿ ಹಳ್ಳಕ್ಕೆ ಜೋಡಿ ಗೆರೆ, ಬಂಡಿ ದಾರಿಗೆ ಜೋಡಿ ಚುಕ್ಕಿ ಗೆರೆ. ಅಲ್ಲಿ ಇದ್ದದ್ದು ಚುಕ್ಕಿ. ಹಳ್ಳ ಮುಚ್ಚಿದರೆ ಕೆರೆ ಸತ್ತಂತೆ, ಕೆರೆ ಸತ್ತರೆ ಆ ಊರಿನ ಬಾವಿಗಳೂ ಹೋದಂತೆ.

ಹುಡುಗರು ನಕಾಶೆಯ ಪ್ರತಿಯನ್ನು ಬೆಂಚಿನ ಮೇಲೆ ಹರಡಿ ಊರಿನ ಹೆಸರು ಹೇಳಿದರು. ಸಾಹೇಬ್ರು ಪೇಪರು ಮಡಚಿದರು. ಮೂಗಿನ ಹತ್ತಿರ ಹೋಗಿದ್ದ ಚಿಟಿಕೆ ಅಲ್ಲೇ ನಿಂತಿತು. ಕನ್ನಡಕ ಹಣೆಗೇರಿಸಿ, ಕಾಗದಕ್ಕೆ ಮುಖ ಇಟ್ಟು ಬಹಳ ಹೊತ್ತು ನೋಡಿದರು. ಕೊಡೆ ತೆಗೆದುಕೊಂಡು ಎದ್ದು ಹೋದರು. ಆಮೇಲೆ ಮೂರು ದಿನ ಬೆಂಚಿನ ಎಡತುದಿ ಖಾಲಿ...

ನಾಲ್ಕನೆಯ ದಿನ ಬಂದವರು ಹೊರಗೆ ಕೂರದೆ ಸೀದಾ ಒಳಗೆ ಬಂದರು. "ತಂಗಿ, ಒಂದು ಹೇಳಿಕೆ ಟೈಪ್ ಮಾಡಬೇಕು. ನಾನು ಹೇಳ್ತೀನಿ, ನೀನು ಹೊಡಿ" ಎಂದು ಸ್ಟೂಲು ಎಳೆದುಕೊಂಡರು.

ನಲವತ್ತು ವರ್ಷದ ಹಿಂದೆ ಆ ಊರಿನ ಹಳೇ ನಕಾಶೆಯ ಒಂದು ಮೂಲೆ ಮಡಿಕೆಯಲ್ಲಿ ಸವೆದು ಹರಿದುಹೋಗಿತ್ತಂತೆ. ಸ್ಥಳಕ್ಕೆ ಹೋಗಿ ನೋಡಿ ಹೊಸದಾಗಿ ಬರೆಯುವ ಕೆಲಸ ಇವರಿಗೆ ಬಂತು. ಆಗ ಮಳೆ ಹೋಗಿ ಮೂರನೇ ವರ್ಷ. ಹಳ್ಳದಲ್ಲಿ ಹನಿ ಇಲ್ಲ. ನಮ್ಮ ಸೀಮೆಯ ಹಳ್ಳಗಳು ಗೊತ್ತಲ್ಲ, ವರ್ಷದಲ್ಲಿ ಹತ್ತು ತಿಂಗಳು ಒಣಗಿ ಬಿದ್ದಿರುತ್ತವೆ. ಮೆತ್ತನೆಯ ಮರಳು, ಎರಡೂ ಕಡೆ ನೆರಳು, ಎತ್ತಿಗೆ ಹಾಯಾಗಿರುತ್ತದೆ. ಊರಿನವರೆಲ್ಲ ಗಾಡಿ ಹೊಡೆಯುತ್ತಿದ್ದದ್ದೇ ಅದರೊಳಗೆ. ಇವರು ಹೋದಾಗಲೂ ಆಳವಾದ ಚಕ್ರದ ಜಾಡು ಕಂಡಿತು. ಊರ ಹಿರಿಯರು, "ನಮ್ ಬಂಡಿ ದಾರಿ ಸಾಮಿ" ಅಂದರು. ಇವರು ಚುಕ್ಕಿ ಇಟ್ಟರು.

ನಾನು 'ಕಣ್ತಪ್ಪಿನಿಂದ ಹಾಗೆ ನಮೂದಾಗಿರುತ್ತದೆ' ಎಂದು ಟೈಪ್ ಮಾಡಿ ಓದಿ ಹೇಳಿದೆ. ಅರ್ಜಿಗಳಲ್ಲಿ ಎಲ್ಲರೂ ಹಾಗೇ ಬರೆಸುವುದು. ಸಾಹೇಬ್ರು ತಲೆ ಅಲ್ಲಾಡಿಸಿದರು.

"ಕಣ್ತಪ್ಪು ಅಲ್ಲ ತಂಗಿ, ಅದನ್ನ ತೆಗಿ. ನೀರಾಗೆ ಉರುಳಿ ನುಣ್ಣಗಾದ ಕಲ್ಲು ಕಂಡಿದ್ದೆ, ದಡದಾಗೆ ಬೇರು ತೊಳೆದಿದ್ದೂ ಕಂಡಿದ್ದೆ. ಹಳ್ಳ ಅಂತ ಅನುಮಾನ ಬಂದಿತ್ತು. ಕೊನೇತನಕ ನಡೆದು ನೋಡಬೇಕಿತ್ತು. ಬಿಸ್ಲು ಅಂದ್ರೆ ಬಿಸ್ಲು, ಸರಪಳಿ ಹಿಡಿಯೋರಿಗೂ ಸಾಕಾಗಿತ್ತು, ನನಗೂ ಸಾಕಾಗಿತ್ತು. ಒಂದು ಹೊಂಗೆ ಮರದ ಕೆಳಗೆ ಕುಂತು ಅಲ್ಲಿಂದಲೇ ಬರೆದೆ. ಹಂಗೇ ಟೈಪ್ ಮಾಡು. ನಡೆಯಲಿಲ್ಲ ಅಂತ ಹಾಕು."

ನಾನು ಕೀಲಿಮಣೆಯಿಂದ ಕೈ ತೆಗೆದೆ. "ಸಾಹೇಬ್ರೆ, ಇದಕ್ಕೆ ಸಹಿ ಹಾಕಿದ್ರೆ ಏನಾಗ್ತೈತೆ ಗೊತ್ತೇನ್ರಿ? ನಿಮ್ಮ ಕಲ್ಲಿಗೆ ತಲೆ ಬಾಗಿದೋರೆಲ್ಲ ನಾಳೆ ನಿಮ್ಮ ಬಾಗಿಲಿಗೆ ಬರ್ತಾರೆ. ನಮ್ದೂ ತಪ್ಪು ಅಳೆದಿದ್ದೀರಿ ಅಂತಾರೆ" ಎಂದೆ. ಕೋಪದಲ್ಲೇ ಹೇಳಿದೆ. ಆ ಮನುಷ್ಯ ಜೀವಮಾನ ಪೂರ್ತಿ ಸಂಪಾದಿಸಿದ್ದು ಆ ಹೆಸರೊಂದನ್ನೇ.

"ಬರ್ಲಿ. ನೀನು ಹೊಡಿ" ಎಂದರು.

ಸ್ಥಳ ಪರಿಶೀಲನೆಯ ದಿನ ನಾಲ್ಕೂ ಸಂಘದವರು ಒಂದೇ ಟೆಂಪೋದಲ್ಲಿ ಬಂದರು. ನಾನೂ ಅಂಗಡಿಗೆ ಬಾಗಿಲು ಹಾಕಿ ಹೋದೆ. ಅಧಿಕಾರಿಗಳು ಹೇಳಿಕೆ ಓದಿದ ಮೇಲೆ ನಿವೇಶನದ ಕಡೆಯವರೊಬ್ಬರು ಬಹಳ ಮೆತ್ತಗೆ ಮಾತಾಡಿದರು. "ಸಾಹೇಬ್ರ ಮೇಲೆ ನಮಗೂ ಗೌರವ ಐತೆ ಸಾರ್. ಅವ್ರಿಗೆ ವಯಸ್ಸಾಗೈತೆ, ನಲವತ್ತು ವರ್ಷದ ಹಿಂದಿನ ನೆನಪು ಈಗೆಲ್ಲಿ ಬರಬೇಕು? ಅರಳು ಮರಳು." ಸಾಹೇಬ್ರ ಕಿವಿ ಕೆಂಪಾಯಿತು. ತಪ್ಪು ಒಪ್ಪಿಕೊಂಡದ್ದಕ್ಕೆ ಸಿಕ್ಕ ಮರ್ಯಾದೆ ಇದು.

ಆಗ ಮಾತಾಡಿದವಳು ಹಟ್ಟಿಯ ಮುದುಕಿ, ಅಲ್ಲೇ ಕುರಿ ಮೇಯಿಸಿಕೊಂಡು ನಿಂತಿದ್ದವಳು. "ಅವ್ರಿಗೆ ಅರಳು ಮರಳು ಆದ್ರೆ ನನಗೂ ಆಗೈತೆ ಬಿಡ್ರಿ. ಇದು ದಾರಿ ಅಂತೀರಲ್ಲ, ದಾರಿಯಾಗೆ ನಿಂತಿದ್ದ ನನ್ ಆರು ಕುರಿ ಎಂಗೆ ಕೊಚ್ಕಂಡು ಹೋದ್ವು? ಕೆರೆಯಾಗೆ ಸಿಕ್ಕಿದ್ವು." ಸಾಹೇಬ್ರು ಕೊಡೆ ನೆಲಕ್ಕೂರಿ ಎದ್ದರು. "ಮಾತು ಯಾಕ್ರಿ, ಕಾಲು ಅವೆ. ನಡೀರಿ, ಹೋಗಾಣ" ಎಂದು ಹಳ್ಳಕ್ಕಿಳಿದರು. ಅಧಿಕಾರಿಗಳು, ಹುಡುಗರು, ಮೇಷ್ಟ್ರುಗಳು ಎಲ್ಲ ಹಿಂದೆ. ಗಟ್ಟಿ ಗಂಟಲಿನ ಗೌಡರು ಸಾಹೇಬ್ರ ತೋಳು ಹಿಡಿದುಕೊಂಡರು.

ಹೊಂಗೆ ಮರ ಇನ್ನೂ ಇತ್ತು. ಅಲ್ಲಿ ಒಂದು ಗಳಿಗೆ ನಿಂತರು, ನಶ್ಯದ ಡಬ್ಬಿ ತೆಗೆದರು, ಹಾಕಿಕೊಳ್ಳದೆ ಜೇಬಿಗಿಟ್ಟರು. ಮುಂದೆ ಹಳ್ಳ ಎಡಕ್ಕೆ ತಿರುಗುತ್ತದೆ. ತಿರುವು ದಾಟಿದರೆ ಎದುರಿಗೆ ದಡ ಆಳುದ್ದ ಕೊರೆದುಹೋಗಿತ್ತು, ಪದರ ಪದರ ಮರಳು, ನೀರು ಹೊತ್ತು ತಂದ ದಿಮ್ಮಿ ಬೇರಿನಲ್ಲಿ ಸಿಕ್ಕಿಕೊಂಡಿತ್ತು. ಹಳ್ಳ ಅನ್ನಲು ಹಸುಗೂಸೂ ಹಿಂಜರಿಯುತ್ತಿರಲಿಲ್ಲ. ಮರದಿಂದ ಆ ತಿರುವಿಗೆ ನಾನು ಹೆಜ್ಜೆ ಎಣಿಸಿದ್ದೆ, ಅರವತ್ತು ದಾಟಲಿಲ್ಲ.

ಸಾಹೇಬ್ರು ಮರಳಿನ ಮೇಲೆ ಕೂತುಬಿಟ್ಟರು. ಹಿಂದೆ ತಿರುಗಿ ಮರ ನೋಡಿದರು, ಮುಂದೆ ದಡ ನೋಡಿದರು.

"ಇಷ್ಟೇನಾ ತಂಗಿ..." ಎಂದರು. ನನಗೆ ಅಳು ಬಂತು. ಅವರಿಗೆ ಬರಲಿಲ್ಲ. ಗೌಡರ ಕೈ ಹಿಡಿದು ಎದ್ದು, "ಹೊಳೆತನಕ ಹೋಗಾಣ. ಅವತ್ತು ಬಿಟ್ಟಿದ್ದು ಇವತ್ತು ಮುಗೀಲಿ" ಎಂದರು. ಮುಗಿಸಿದರು. ವೇದಾವತಿಯ ದಡ ಮುಟ್ಟಿದಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು.

ಕಾಗದ ತಿದ್ದಲು ಒಂದು ವರ್ಷದ ಮೇಲೆ ಹಿಡಿಯಿತು, ಆದರೆ ತಿದ್ದಿದರು. ನಾನು ಹೆದರಿದ್ದೂ ಆಯಿತು. ಬದುವಿನ ಜಗಳದವರು ಒಬ್ಬೊಬ್ಬರಾಗಿ ಬಂದರು. ಒಬ್ಬನಂತೂ ಅವರ ಮನೆ ಮುಂದೆ ನಿಂತು ಬಾಯಿಗೆ ಬಂದಂತೆ ಬೈದ. ಸಾಹೇಬ್ರು ಯಾರ ಮೇಲೂ ಬೇಜಾರು ಮಾಡಿಕೊಳ್ಳಲಿಲ್ಲ, "ಬರ್ರಿ, ಇನ್ನೊಂದ್ಸಲ ಅಳೆಯಾಣ" ಎಂದು ಟೇಪು ಹಿಡಿದು ಹೊಲಕ್ಕೆ ಹೋದರು. ಅಳೆದಲ್ಲೆಲ್ಲ ಕಲ್ಲು ಇರಬೇಕಾದ ಜಾಗದಲ್ಲೇ ಇತ್ತು. ಬೈದವನು ಮರುವಾರ ಒಂದು ಗೋಣಿ ಶೇಂಗಾ ತಂದು ಅಂಗಳದಲ್ಲಿಟ್ಟು ಹೋದ. ಸರಪಳಿ ಸುಳ್ಳು ಹೇಳಲ್ಲ ಎಂಬ ಮಾತನ್ನು ಮಾತ್ರ ಅವರು ಮತ್ತೆಂದೂ ಆಡಲಿಲ್ಲ.

ಹಳ್ಳ ಬಂದದ್ದನ್ನು ಅವರು ಒಂದು ಮಳೆಗಾಲ ಕಣ್ಣಾರೆ ಕಂಡರು. ಮುಂದಿನ ಮಳೆಗಾಲಕ್ಕೆ ಇರಲಿಲ್ಲ. ಆ ಸಲ ಎರಡೂ ದಡ ಮುಟ್ಟಿ ಕೆಂಪಗೆ ಹರಿಯಿತು, ಕೆರೆ ಕೋಡಿ ಬಿತ್ತು. ಗೌಡರು ಹಿರಿಯೂರಿನಿಂದ ಫೋನು ಮಾಡಿ ಸಾಹೇಬ್ರಿಗೆ ಹೇಳಿ ಎಂದು ಬಾಯಿ ತೆಗೆದವರು ಅರ್ಧಕ್ಕೆ ನಿಲ್ಲಿಸಿದರು...

ನಾಲ್ಕೂ ಸಂಘದವರು ಈಗ ಪ್ರತಿ ವರ್ಷ ಮಳೆಗೆ ಮುಂಚೆ ಒಂದೊಂದಾಗಿ ಹಳ್ಳಗಳನ್ನು ಹುಟ್ಟಿದಲ್ಲಿಂದ ಸೇರುವಲ್ಲಿಯವರೆಗೆ ನಡೆಯುತ್ತಾರೆ. ಹೊಳಲ್ಕೆರೆ ಕಡೆಯವು ಕೆಲವು ಆದವು, ಹಿರಿಯೂರಿನವು ಕೆಲವು. ಜಗಳ ಈಗಲೂ ಆಡುತ್ತಾರೆ, ಆದರೆ ನಡೆಯುತ್ತಾ ಆಡುತ್ತಾರೆ. ಒಂದೇ ನಿಯಮ, ಕೊನೆ ಮುಟ್ಟದೆ ಯಾರೂ ಏನೂ ಬರೆಯುವಂತಿಲ್ಲ. ಯಾರ ನಿಯಮ ಅಂತ ಹೊಸಬರಿಗೆ ಗೊತ್ತಿಲ್ಲ.

ಮೊನ್ನೆ ನಕಾಶೆ ತಂದ ಹುಡುಗಿಯೂ ಹೊಸಬಳೇ. ಹಳ್ಳದ ದಡದಲ್ಲಿ ಫಲಕ ಹಾಕಲು ಅದರ ಪ್ರತಿ ಬೇಕಿತ್ತು, ಸಾಹೇಬ್ರ ಮನೆಯವರಿಂದ ಕೇಳಿ ತಂದಿದ್ದಳು. ಅವರ ಸ್ವಂತ ಪ್ರತಿ. ಚುಕ್ಕಿ ಗೆರೆಯ ಮೇಲೆ ಕೆಂಪು ಶಾಯಿಯಲ್ಲಿ ಹಳ್ಳದ ಜೋಡಿ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿದ್ದರು. ಚುಕ್ಕಿಗಳನ್ನು ಅಳಿಸಿರಲಿಲ್ಲ.

"ಆಂಟಿ, ಈ ಚುಕ್ಕಿಗಳನ್ನ ಕಂಪ್ಯೂಟರಲ್ಲಿ ಅಳಿಸಿಬಿಡ್ರಿ. ನೋಡೋಕೆ ಗಲೀಜು ಕಾಣ್ಸುತ್ತೆ."

"ಅಳಿಸಲ್ಲವ್ವ. ಬೆಂಚಿನ ಮೇಲೆ ಕುಂತ್ಕೋ, ಯಾಕೆ ಅಂತ ಹೇಳ್ತೀನಿ" ಎಂದೆ. ಟೀ ತರಿಸಿ ಇಷ್ಟನ್ನೂ ಹೇಳಿದೆ. ಅವಳು ಆ ಗೆರೆಯ ಮೇಲೆ ಬೆರಳಿಟ್ಟು ನಿಧಾನಕ್ಕೆ ಹೊಳೆಯವರೆಗೂ ಎಳೆದಳು. ಚುಕ್ಕಿ ಇದ್ದ ಹಾಗೆಯೇ ದೊಡ್ಡದು ಮಾಡಿ ಪ್ರಿಂಟ್ ಕೊಟ್ಟೆ.

ಅವಳು ಹೋಗುವ ಮುಂಚೆ ನಕಾಶೆಯನ್ನು ಹಳೇ ಮಡಿಕೆಯಲ್ಲೇ ಮಡಚಿದೆ. ಮತ್ತೆ ಘಾಟು ಬಂತು, ಮತ್ತೆ ಸೀನಿದೆ. ಸೀನಿ, ಅಭ್ಯಾಸಬಲದಿಂದ, ಬೆಂಚಿನ ಎಡತುದಿಯ ಕಡೆ ಕಿವಿ ಕೊಟ್ಟೆ. ನೂರು ವರ್ಷ ಅನ್ನಲು ಅಲ್ಲಿ ಯಾರೂ ಇರಲಿಲ್ಲ.